ಬೂಸ್ಟರ್ ಹಾಕಿದ ಮೇಲೆ ಸದ್ದೂ ಜೋರಾಯಿತು

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಎರಡು ಗುಡ್ಡೆಗಳ ನಡುವಿನ ಅಡಿಕೆ ತೋಟದ ತಳದಲ್ಲಿರುವ ಮನೆಯೊಂದಕ್ಕೆ ಕೆಲವು ವರ್ಷಗಳ ಹಿಂದೆ ರೇಡಿಯೊ ರಿಪೇರಿಗೆಂದು ಹೋಗಿದ್ದೆ. ಮನೆಯ ಯಜಮಾನರು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಂಗಳೂರು ಆಕಾಶವಾಣಿಯಲ್ಲಿ ತಾಳಮದ್ದಳೆ ಇದ್ದರೆ ತಪ್ಪಿಸುವವರಲ್ಲ. ಚಾವಡಿಯಲ್ಲಿದ್ದ ಸೆಟ್ಟಿನಲ್ಲಿ ಎಫ್‌ಎಂ ಹಾಕಿದರೆ ಮಾತಿನ ಹಿಂದೆ ಸುಯ್ ಎಂಬ ಸದ್ದು, ಮಧ್ಯಮ ತರಂಗಕ್ಕೆ ತಿರುಗಿಸಿದರೆ ಗುರ್ ಎಂಬ ಸದ್ದು. ಮಗ ಪೇಟೆಯಿಂದ ಒಂದು ಬೂಸ್ಟರ್, ಅಂದರೆ ಆಂಟೆನಾದಿಂದ ಬರುವ ಸಂಕೇತವನ್ನು ದೊಡ್ಡದು ಮಾಡುವ ಸಾಧನ, ತಂದು ಸೆಟ್ಟಿನ ಹಿಂಬದಿಗೆ ಜೋಡಿಸಿದ್ದ. "ಇದನ್ನು ಹಾಕಿದ ಮೇಲೆ ಅರ್ಥದಾರಿ ಎಷ್ಟು ಜೋರಾದರೋ ಆ ಸದ್ದೂ ಅಷ್ಟೇ ಜೋರಾಯಿತು ಮಾರಾಯಾ" ಎಂದರು ಮಾಸ್ಟ್ರು. ದೋಷ ಎಲ್ಲಿದೆ ಎಂಬುದು ಅವರ ಆ ಒಂದು ಮಾತಿನಲ್ಲಿಯೇ ಮುಕ್ಕಾಲುಪಾಲು ಇತ್ತು.

ಸಂಕೇತ ದುರ್ಬಲವಾದರೆ ಅದನ್ನು ದೊಡ್ಡದು ಮಾಡಿದರಾಯಿತು ಎಂದು ಜನ ತಿಳಿಯುವುದು ಸಹಜ. ಆದರೆ ದೊಡ್ಡದು ಮಾಡುವುದು ಎಲೆಕ್ಟ್ರಾನಿಕ್ಸ್‌ನಲ್ಲಿ ಎಂದೂ ಕಷ್ಟದ ಕೆಲಸವಾಗಿರಲಿಲ್ಲ. ಕೆಲವೇ ರೂಪಾಯಿಯ ಒಂದು ಟ್ರಾನ್ಸಿಸ್ಟರ್ ಅದನ್ನು ಸಲೀಸಾಗಿ ಮಾಡುತ್ತದೆ. ಕಷ್ಟವಿರುವುದು ಸಂಕೇತವನ್ನು ಗದ್ದಲದಿಂದ ಬಿಡಿಸಿಕೊಳ್ಳುವುದರಲ್ಲಿ. ಏಕೆಂದರೆ ಗದ್ದಲ ಹೊರಗಿನಿಂದ ಮಾತ್ರ ಬರುವುದಿಲ್ಲ, ರೇಡಿಯೊದ ವಿದ್ಯುತ್ ಮಂಡಲದ (ಸರ್ಕ್ಯೂಟ್) ಒಳಗೂ ಹುಟ್ಟುತ್ತದೆ. ಯಾವ ರೆಸಿಸ್ಟರ್ ಆದರೂ, ಅದಕ್ಕೆ ಬ್ಯಾಟರಿ ಜೋಡಿಸದೆ ಸುಮ್ಮನೆ ಮೇಜಿನ ಮೇಲೆ ಇಟ್ಟಿದ್ದರೂ, ಅದರೊಳಗಿನ ಎಲೆಕ್ಟ್ರಾನುಗಳು ಉಷ್ಣದಿಂದಾಗಿ ಅಲುಗಾಡುತ್ತಲೇ ಇರುವುದರಿಂದ ಅದರ ಎರಡು ತುದಿಗಳ ನಡುವೆ ಅತಿ ಸಣ್ಣ ವೋಲ್ಟೇಜು ಏಳುತ್ತ ಬೀಳುತ್ತ ಇರುತ್ತದೆ. ಬೆಲ್ ಪ್ರಯೋಗಾಲಯದ ಜಾನ್ಸನ್ ಇದನ್ನು ಅಳೆದು, ಅವರ ಸಹೋದ್ಯೋಗಿ ನೈಕ್ವಿಸ್ಟ್ ಇದರ ಸೂತ್ರವನ್ನು ಕೊಟ್ಟು, ಇಬ್ಬರೂ 1928ರಲ್ಲಿ ಪ್ರಕಟಿಸಿದರು. ಆ ಸೂತ್ರಕ್ಕೆ ನಮ್ಮ ಆಂಟೆನಾ ಕೇಬಲಿನ 75 ಓಮ್ ಮತ್ತು ಒಂದು ಎಫ್‌ಎಂ ನಿಲಯಕ್ಕೆ ಬೇಕಾದ 200 ಕಿಲೋಹರ್ಟ್ಜ್ ಅಗಲವನ್ನು ಹಾಕಿ ನೋಡಿದರೆ ಸುಮಾರು ಅರ್ಧ ಮೈಕ್ರೋವೋಲ್ಟ್ ಸಿಗುತ್ತದೆ. ಗುಡ್ಡೆಯ ಮರೆಯಲ್ಲಿರುವ ಮನೆಯ ತಂತಿಗೆ ಮಂಗಳೂರಿನಿಂದ ಬಂದು ತಲುಪುವುದೂ ಕೆಲವೇ ಮೈಕ್ರೋವೋಲ್ಟ್ ಆಗಿದ್ದರೆ, ಎರಡರ ನಡುವೆ ಹೆಚ್ಚಿನ ಅಂತರ ಉಳಿಯುವುದಿಲ್ಲ.

ಇಂಥ ಕಡೆ 20 ಡೆಸಿಬೆಲ್‌ನ, ಅಂದರೆ ವೋಲ್ಟೇಜನ್ನು ಹತ್ತು ಪಟ್ಟು ಮಾಡುವ, ಬೂಸ್ಟರ್ ಹಾಕಿದರೆ ಏನಾಗುತ್ತದೆ? 5 ಮೈಕ್ರೋವೋಲ್ಟಿನ ಸಂಕೇತ 50 ಆಗುತ್ತದೆ, 1 ಮೈಕ್ರೋವೋಲ್ಟಿನ ಗದ್ದಲ 10 ಆಗುತ್ತದೆ, ಅದರ ಮೇಲೆ ಬೂಸ್ಟರಿನ ಟ್ರಾನ್ಸಿಸ್ಟರ್ ತನ್ನ ಸ್ವಂತ ಗದ್ದಲವನ್ನೂ ಸೇರಿಸುತ್ತದೆ. ಅಲ್ಲಿಗೆ ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ ಮೊದಲಿಗಿಂತ ಕೆಟ್ಟಿತೇ ಹೊರತು ಸುಧಾರಿಸಲಿಲ್ಲ. ಬೂಸ್ಟರಿಗೆ ಉಪಯೋಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ಇರಬೇಕಾದ ಜಾಗ ಆಂಟೆನಾದ ಬುಡ. ಸಾಲಾಗಿ ಜೋಡಿಸಿದ ಹಂತಗಳಲ್ಲಿ ಮೊದಲನೆಯದರ ಗದ್ದಲವೇ ಕೊನೆಯ ಫಲವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದನ್ನು 1944ರಲ್ಲಿ ರೇಡಿಯೊ ಎಂಜಿನಿಯರ್ ಫ್ರಿಸ್ ಲೆಕ್ಕದಲ್ಲಿ ತೋರಿಸಿದರು. ಕೇಬಲಿನಲ್ಲಿ ಸಂಕೇತ ಸೊರಗುವ ಮೊದಲೇ ಅದನ್ನು ಎತ್ತಿಕೊಂಡರೆ ಕೇಬಲಿನ ನಷ್ಟ ಅಷ್ಟಾಗಿ ಬಾಧಿಸುವುದಿಲ್ಲ. ಸೊರಗಿದ ಮೇಲೆ ಎತ್ತಿದರೆ ಕಳೆದುಹೋದುದು ಮರಳಿ ಬರುವುದಿಲ್ಲ. ಆ ಮನೆಯಲ್ಲಂತೂ ಮಾಡಿನಿಂದ ಇಳಿದು ಬಂದದ್ದು ಕೇಬಲ್ ಕೂಡ ಅಲ್ಲ, ದೀಪಕ್ಕೆ ಎಳೆಯುವ ಸಾದಾ ಜೋಡಿ ವಯರು.

ನಾನು ಮೊದಲು ಮಾಡಿದ ಕೆಲಸ ಬೂಸ್ಟರ್ ಕಳಚಿದ್ದು. ಮಂಗಳೂರು ಎಫ್‌ಎಂ 100.3 ಮೆಗಾಹರ್ಟ್ಜ್‌ನಲ್ಲಿ ಇರುವುದರಿಂದ ಅದರ ತರಂಗದ ಉದ್ದ ಹೆಚ್ಚುಕಡಿಮೆ 3 ಮೀಟರ್, ಅದರ ಅರ್ಧ ಒಂದೂವರೆ ಮೀಟರ್. ಲೋಹದ ಕೊಳವೆಯಲ್ಲಿ ಮಾಡುವಾಗ ಇದನ್ನು ನೂರಕ್ಕೆ ಐದರಷ್ಟು ಗಿಡ್ಡ ಮಾಡಬೇಕಾಗುತ್ತದೆ. 71 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ತುಂಡುಗಳನ್ನು ಎದುರುಬದುರಾಗಿ ಒಂದು ಪ್ಲಾಸ್ಟಿಕ್ ಪಟ್ಟಿಗೆ ಬಿಗಿದು, ನಡುವಿನಿಂದ 75 ಓಮಿನ ಡಿಶ್ ಕೇಬಲ್ ಇಳಿಸಿ, ಜಿಐ ಪೈಪಿನ ತುದಿಯಲ್ಲಿ ಹಂಚಿನ ಮಾಡಿಗಿಂತ ಎತ್ತರಕ್ಕೆ ನಿಲ್ಲಿಸಿ, ಅದರ ಅಗಲ ವಾಯವ್ಯಕ್ಕೆ, ಅಂದರೆ ಮಂಗಳೂರಿನ ಕಡೆಗೆ, ಬರುವಂತೆ ತಿರುಗಿಸಿದೆವು. ಅಡ್ಡಕ್ಕೂ ನೆಟ್ಟಗೂ ಇಟ್ಟು ನೋಡಿ, ಯಾವುದರಲ್ಲಿ ಚೆನ್ನಾಗಿ ಬಂತೋ ಅದರಲ್ಲಿಯೇ ಬಿಗಿದೆವು. ಸುಯ್ ಸದ್ದು ಕಡಿಮೆಯಾಯಿತು ಎನ್ನುವುದಕ್ಕಿಂತ ಒಮ್ಮೆಗೇ ನಿಂತಿತು ಎನ್ನಬೇಕು.

ಹೀಗೆ ಒಮ್ಮೆಗೇ ನಿಲ್ಲುವುದು ಎಫ್‌ಎಂನ ಗುಣ. ಅಮೆರಿಕದ ಎಂಜಿನಿಯರ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಇದರ ಪೇಟೆಂಟ್ ಪಡೆಯುವ ಕಾಲಕ್ಕೆ, ಗದ್ದಲ ಕಡಿಮೆಯಾಗಬೇಕಿದ್ದರೆ ಕಿಟಕಿಯನ್ನು, ಅಂದರೆ ರೇಡಿಯೊ ಒಳಬಿಡುವ ಆವರ್ತನಗಳ ಅಗಲವನ್ನು, ಕಿರಿದು ಮಾಡಬೇಕು ಎಂಬುದೇ ಸಾಮಾನ್ಯ ತಿಳುವಳಿಕೆಯಾಗಿತ್ತು. ಅವರು ಅದಕ್ಕೆ ವಿರುದ್ಧವಾಗಿ ಕಿಟಕಿಯನ್ನು ಅಗಲ ಮಾಡಿದರು. ಧ್ವನಿಗೆ ತಕ್ಕಂತೆ ತರಂಗದ ಎತ್ತರವನ್ನು ಬದಲಿಸದೆ ಆವರ್ತನವನ್ನು ಆಚೀಚೆ 75 ಕಿಲೋಹರ್ಟ್ಜ್‌ವರೆಗೆ ಸರಿಸಿದರೆ, ರೇಡಿಯೊ ಎತ್ತರದ ಏರಿಳಿತವನ್ನು ಕತ್ತರಿಸಿ ಬಿಸಾಡಬಹುದು, ಗದ್ದಲದ ಬಹುಭಾಗವೂ ಅದರೊಂದಿಗೆ ಹೋಗುತ್ತದೆ. ಆದರೆ ಸಂಕೇತ ಗದ್ದಲಕ್ಕಿಂತ ಇಷ್ಟು ಮೇಲಿರಬೇಕು ಎಂಬ ಒಂದು ಹೊಸ್ತಿಲು ಇದಕ್ಕಿದೆ, ಸ್ಥೂಲವಾಗಿ 10 ಡೆಸಿಬೆಲ್. ಹೊಸ್ತಿಲು ದಾಟಿದರೆ ಚೊಕ್ಕ ಧ್ವನಿ, ಒಂದಿಷ್ಟು ಕೆಳಗಿಳಿದರೂ ಚಟಚಟ. ಆದ್ದರಿಂದ ನಮ್ಮ ಬೈಲಿನ ಮನೆಗಳಲ್ಲಿ ಆಂಟೆನಾವನ್ನು ಒಂದು ಮಾರು ಸರಿಸಿದ್ದಕ್ಕೆ ಸಿಗುವ ಫಲ ಬೂಸ್ಟರಿನಿಂದ ಸಿಗದೆ ಇರುವುದುಂಟು. (ಹೀಗೆ ಎತ್ತರಕ್ಕೆ ಲೋಹದ ಕಂಬ ನಿಲ್ಲಿಸಿದವರು ಅದಕ್ಕೆ ಸರಿಯಾದ ಅರ್ಥಿಂಗ್ ಮಾಡಿಸಲೇಬೇಕು; ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಶುರುವಾಗುವ ಮೊದಲೇ ಸೆಟ್ಟಿನಿಂದ ಕೇಬಲ್ ಕಳಚಿಡಬೇಕು.)

ಮಧ್ಯಮ ತರಂಗದ ಗುರ್ ಸದ್ದಿನ ಕತೆ ಬೇರೆ. ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಜ್‌ನ ಮಧ್ಯಮ ತರಂಗ ಸುಮಾರು 275 ಮೀಟರ್ ಉದ್ದದ್ದು. ಅದು ನೆಲವನ್ನು ಅನುಸರಿಸಿಕೊಂಡು ಬರುವುದರಿಂದ ನಮ್ಮ ಮುರಕಲ್ಲಿನ ಗುಡ್ಡೆಗಳು ಅದಕ್ಕೆ ಅಂಥ ದೊಡ್ಡ ಅಡ್ಡಿಯಲ್ಲ. ಸಂಕೇತ ಸಾಕಷ್ಟು ಬರುತ್ತಿತ್ತು, ತೊಂದರೆಯ ಮೂಲ ಮನೆಯ ಆಸುಪಾಸಿನಲ್ಲಿಯೇ ಇತ್ತು. ಇದನ್ನು ಹುಡುಕಲು ದುಬಾರಿ ಉಪಕರಣ ಬೇಡ, ಚೀಲದಲ್ಲಿದ್ದ ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ ಸಾಕು. ಅದರೊಳಗೆ ಆಂಟೆನಾದ ಕೆಲಸ ಮಾಡುವ ಫೆರೈಟ್ ಕಡ್ಡಿಯ ಬದಿ ಮೂಲದತ್ತ ಇದ್ದಾಗ ಸದ್ದು ಹೆಚ್ಚು, ತುದಿ ಅತ್ತ ತಿರುಗಿದಾಗ ಅತ್ಯಂತ ಕಡಿಮೆ. ಅಂಗಳದಲ್ಲಿ ನಿಂತು ರೇಡಿಯೊವನ್ನು ಮೆಲ್ಲಗೆ ತಿರುಗಿಸಿದಾಗ ಒಂದು ಕೋನದಲ್ಲಿ ಗುರ್ ಸದ್ದು ಮಾಯವಾಯಿತು. ಕಡ್ಡಿಯ ತುದಿ ಆಗ ಹಟ್ಟಿಯ ಕಡೆಗಿತ್ತು. ಹಟ್ಟಿಯ ಬಾಗಿಲಿಗೆ ಹೋಗುವಷ್ಟರಲ್ಲಿ ರೇಡಿಯೊದಲ್ಲಿ ಅದೊಂದನ್ನು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಒಳಗೆ ದನಗಳ ತಲೆಯ ಮೇಲೆ ಒಂದು ಎಲ್‌ಇಡಿ ಬಲ್ಬು ಉರಿಯುತ್ತಿತ್ತು. ಸ್ವಿಚ್ ಆರಿಸಿದೆ, ಸದ್ದು ನಿಂತಿತು.

ಇಂಥ ಬಲ್ಬುಗಳ ಒಳಗಿನ ಡ್ರೈವರ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತದೆ. ಅದು 60 ಕಿಲೋಹರ್ಟ್ಜ್‌ನಲ್ಲಿ ಕಡಿಯುತ್ತದೆ ಎಂದಿಟ್ಟುಕೊಳ್ಳಿ. ಹೀಗೆ ಚೂಪಾಗಿ ಕಡಿದ ಕರೆಂಟಿನಲ್ಲಿ 120, 180, 240 ಎಂದು ಗುಣಕಗಳ ಸಾಲೇ ಇರುತ್ತದೆ, 18ನೆಯದು 1080. ಅಗ್ಗದ ಡ್ರೈವರುಗಳ ಆವರ್ತನ ಒಂದೇ ಕಡೆ ನಿಲ್ಲದೆ ತೊನೆಯುವುದರಿಂದ ಈ ಗುಣಕ 1089ರ ಮೇಲೂ ಹಾದುಹೋಗುತ್ತದೆ, ಲೈನಿನ 50 ಹರ್ಟ್ಜ್ ರೆಕ್ಟಿಫೈ ಆಗಿ ಹುಟ್ಟುವ 100 ಹರ್ಟ್ಜ್‌ನ ಏರಿಳಿತವೇ ನಮಗೆ ಗುರ್ ಎಂದು ಕೇಳುತ್ತದೆ. ಇದನ್ನು ಒಳಗೇ ತಡೆಯಲು ಒಂದು ಪುಟ್ಟ ಕಾಯಿಲ್, ಒಂದು ಕೆಪಾಸಿಟರ್ ಸಾಕು. ನಾನು ಬಿಚ್ಚಿ ನೋಡಿದ ಆ ಬಲ್ಬಿನ ಬೋರ್ಡಿನಲ್ಲಿ ಎರಡಕ್ಕೂ ಜಾಗ ಬಿಟ್ಟಿದ್ದರು, ಎರಡನ್ನೂ ಹಾಕಿರಲಿಲ್ಲ.

ರೇಡಿಯೊದ ಒಳಗೆ ಇದಕ್ಕೆ ಮದ್ದಿಲ್ಲ. ಸೆಟ್ಟಿನ ಒಳಗೇ ತರಂಗ ಹುಟ್ಟಿಸುವ ಆಸಿಲೇಟರ್ 1544 ಕಿಲೋಹರ್ಟ್ಜ್‌ನಲ್ಲಿ ಓಡಿ, 1089ನ್ನು ಎರಡರ ವ್ಯತ್ಯಾಸವಾದ 455ಕ್ಕೆ ಇಳಿಸಿ, ಅಲ್ಲಿ ಐಎಫ್‌ಟಿ ಎಂಬ ಸೋಸುವ ಕಾಯಿಲ್‌ಗಳು ಅಕ್ಕಪಕ್ಕದ ನಿಲಯಗಳನ್ನು ಸೋಸುತ್ತವೆ, ನಿಜ. ಆದರೆ ಬೇಡದ್ದು ಬೇಕಾದುದರ ಆವರ್ತನದಲ್ಲಿಯೇ ಕುಳಿತಿದ್ದರೆ ಯಾವ ಜರಡಿಯೂ ಅದನ್ನು ಬೇರ್ಪಡಿಸಲಾರದು.

ಬಲ್ಬು ಬದಲಿಸಿದೆವು. ನನ್ನ ಕಷ್ಟ ಆಮೇಲೆ ಶುರುವಾಯಿತು: ಸೆಟ್ಟನ್ನು ಬಿಚ್ಚಿಯೇ ಇಲ್ಲ, ಒಂದು ಪಾರ್ಟೂ ಹಾಕಿಲ್ಲ, ಮಜೂರಿ ಎಷ್ಟೆಂದು ಹೇಳುವುದು? ಮಾಸ್ಟ್ರು ತಾವಾಗಿಯೇ ಜೇಬಿಗೆ ಕೈ ಹಾಕಿದರು. ಬೂಸ್ಟರನ್ನೂ ನನ್ನ ಚೀಲಕ್ಕೆ ಹಾಕಿ, ಅದರ ವಯರಿಗೆ ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟರು.