ಪೋರ್ಟ್ ಅಂದರೆ ಬಂದರಲ್ಲ, ಮಾರಾಯರೇ

ಜಿಪಿಎಸ್ ರಿಸೀವರ್ ಹೇಳುವುದನ್ನು ಓದಿ ಬೇರೆ ಪ್ರೋಗ್ರಾಂಗಳಿಗೆ ಹಂಚುವ ಜಿಪಿಎಸ್‌ಡಿ ಎಂಬ ತಂತ್ರಾಂಶದ ಬಗ್ಗೆ ಯಾರೋ ಕನ್ನಡಕ್ಕಿಳಿಸಿದ ಟಿಪ್ಪಣಿಯೊಂದು ಮೊನ್ನೆ ಕೈಗೆ ಬಂತು. ‘ಸರಣಿ ಬಂದರಿನಿಂದ ಓದುತ್ತದೆ’, ‘ಬಂದರು 2947ರಲ್ಲಿ ಆಲಿಸುತ್ತದೆ’, ‘ಹಲವು ವ್ಯವಸ್ಥೆಗಳಿಗೆ ಬಂದರು ಮಾಡಲಾಗಿದೆ’. ಒಂದೇ ಪುಟದಲ್ಲಿ ಮೂರು ಬಂದರು, ಹಡಗು ಮಾತ್ರ ಒಂದೂ ಇಲ್ಲ. ಇಂಥದ್ದನ್ನು ನೋಡಿ ನೋಡಿ ಸಾಕಾಗಿದೆ.

ಲ್ಯಾಟಿನ್ನಿನಲ್ಲಿ ಪೋರ್ಟಾ ಅಂದರೆ ಬಾಗಿಲು, ಪೋರ್ಟುಸ್ ಅಂದರೆ ಬಂದರು, ಪೋರ್ಟಾರೆ ಅಂದರೆ ಹೊರುವುದು. ಬಹಳ ಹಿಂದೆ ಮೂರಕ್ಕೂ ಬೇರು ಒಂದೇ ಇದ್ದಿರಬೇಕು, ದಾಟುವುದು ಎಂಬ ಅರ್ಥದ್ದು. ಆದರೆ ಇಂಗ್ಲಿಷಿಗೆ ಬರುವ ಹೊತ್ತಿಗೆ ಅವು ಬೇರೆ ಬೇರೆ ಮನೆ ಮಾಡಿದ್ದವು. ‘ಪೋರ್ಟರ್’ ಪದವನ್ನೇ ನೋಡಿ. ರೈಲ್ವೆ ಸ್ಟೇಷನ್ನಿನಲ್ಲಿ ನಮ್ಮ ಪೆಟ್ಟಿಗೆ ಹೊರುವ ಪೋರ್ಟರ್ ಪೋರ್ಟಾರೆ ಕಡೆಯವನು. ಇಂಗ್ಲೆಂಡಿನ ಕಾಲೇಜುಗಳ ಗೇಟಿನಲ್ಲಿ ಕೂರುವ ಪೋರ್ಟರ್ ಪೋರ್ಟಾ ಕಡೆಯವನು. ಕಾಗುಣಿತ ಒಂದೇ, ಒಬ್ಬ ಹಮಾಲಿ, ಇನ್ನೊಬ್ಬ ದ್ವಾರಪಾಲಕ. ಇಬ್ಬರಲ್ಲಿ ಯಾರನ್ನೂ ‘ಬಂದರಿನವನು’ ಅಂತ ಯಾರೂ ಅನುವಾದಿಸುವುದಿಲ್ಲ. ಕಂಪ್ಯೂಟರ್ ವಿಷಯ ಬಂದಾಗ ಮಾತ್ರ ಎಲ್ಲರಿಗೂ ಮಂಗಳೂರೇ ನೆನಪಾಗುತ್ತದೆ.

ಸೀರಿಯಲ್ ಪೋರ್ಟ್, ನೆಟ್‌ವರ್ಕ್ ಪೋರ್ಟ್ ಎರಡೂ ಬಾಗಿಲಿನ ಕಡೆಯವು. ಉಪಗ್ರಹದ ಸಂಕೇತ ಹಿಡಿದ ರಿಸೀವರ್ ಒಂದು ಬಾಗಿಲಿನಲ್ಲಿ ಮಾತಾಡುತ್ತದೆ, ಆ ಸ್ಥಾನ ಬೇಕಾದ ಪ್ರೋಗ್ರಾಂಗಳು 2947ನೇ ನಂಬರಿನ ಕಿಂಡಿಯ ಮುಂದೆ ಸಾಲು ನಿಲ್ಲುತ್ತವೆ. ಅನುವಾದ ಬೇಕೇ ಬೇಕು ಅನ್ನುವವರಿಗೆ ‘ಕಿಂಡಿ’ ಚೆನ್ನಾಗಿದೆ. ಉಡುಪಿಗೆ ಹೋಗಿಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ‘ಪೋರ್ಟ್ ಮಾಡುವುದು’. ಇದು ಹೊರುವ ಪೋರ್ಟು, ‘ಪೋರ್ಟಬಲ್’ನ ಒಡಹುಟ್ಟು. ತಮಾಷೆಯೆಂದರೆ ಜನಸಾಮಾನ್ಯರು ಇದನ್ನು ಸರಿಯಾಗಿಯೇ ಬಳಸುತ್ತಾರೆ. 2011ರ ಜನವರಿ 20ರಂದು ದೇಶದಾದ್ಯಂತ ನಂಬರ್ ಪೋರ್ಟಬಿಲಿಟಿ ಬಂದ ಮೇಲೆ 1900ಕ್ಕೆ ಮೆಸೇಜ್ ಕಳಿಸಿ ‘ಪೋರ್ಟ್ ಮಾಡಿಸಿದೆ’ ಅನ್ನದವರು ಯಾರು? ನಂಬರ್ ಅದೇ, ಕೆಳಗಿನ ಕಂಪನಿ ಬೇರೆ. ತಂತ್ರಾಂಶದಲ್ಲೂ ಅಷ್ಟೇ: ನಡತೆ ಅದೇ ಇರಬೇಕು, ಕೆಳಗಿನ ಯಂತ್ರ ಬೇರೆ.

ಹಾಗಂತ ‘ಸರ್, ರಾಸ್ಪ್‌ಬೆರಿ ಪೈಗೆ ಪೋರ್ಟ್ ಮಾಡಿಬಿಟ್ಟೆ’ ಅಂತ ಆ ಪುಟ್ಟ ಕಂಪ್ಯೂಟರ್ ಹಿಡಿದು ಬರುವ ಹುಡುಗರು ಮಾಡಿರುವುದು ಇನ್‌ಸ್ಟಾಲ್. ಒಂದಕ್ಷರ ತಿದ್ದದೆ ಓಡಿದರೆ ಆ ಪುಣ್ಯ ಬರೆದವರದ್ದು. ಪೋರ್ಟಿಂಗ್ ನಾಟಿಯ ಹಾಗೆ. ನಾಟಿ ಅಂದರೆ ಸಸಿಯ ಕಟ್ಟನ್ನು ಗದ್ದೆಯ ಬದುವಿನ ಮೇಲೆ ಇಟ್ಟುಬರುವುದಲ್ಲ, ಹೊಸ ಮಣ್ಣಲ್ಲಿ ಬೇರು ಹಿಡಿಯಬೇಕು.

ಹಿಡಿಯದಿದ್ದರೆ ಏನಾಗುತ್ತದೆ ಅನ್ನುವುದನ್ನು ನನ್ನದೇ ಕೋಡಿನಲ್ಲಿ ಕಂಡಿದ್ದೇನೆ. ಯು-ಬ್ಲಾಕ್ಸ್ ಕಂಪನಿಯ ಜಿಪಿಎಸ್ ರಿಸೀವರ್ ತನ್ನ ಬೈನರಿ ಸಂದೇಶದಲ್ಲಿ ಅಕ್ಷಾಂಶವನ್ನು ಒಂದು ಕೋಟಿಯಿಂದ ಗುಣಿಸಿ ನಾಲ್ಕು ಬೈಟಿನಲ್ಲಿ ಕಳಿಸುತ್ತದೆ, ಚಿಕ್ಕ ಬೆಲೆಯ ಬೈಟ್ ಮೊದಲು. ಬೆಂಗಳೂರಿನ 12.97 ಅಂದರೆ 12,97,00,000. ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಬರುತ್ತಿತ್ತು. ಅದೇ ಕೋಡನ್ನು ಮಿಪ್ಸ್ ಎಂಬ ಬಗೆಯ ಪ್ರೊಸೆಸರ್ ಇರುವ ಹಳೆಯ ರೌಟರಿಗೆ ಹಾಕಿದೆ. ಅದು ಓದುವುದು ದೊಡ್ಡ ಬೆಲೆಯ ಬೈಟಿನಿಂದ. ಬೆಂಗಳೂರು ಮೈನಸ್ 160.95 ಡಿಗ್ರಿ ಅಕ್ಷಾಂಶಕ್ಕೆ ಹೋಯಿತು. ಧ್ರುವವೇ 90ಕ್ಕೆ ಮುಗಿಯುತ್ತದೆ! ಬೈಟುಗಳನ್ನು ಒಂದೊಂದಾಗಿ ಎತ್ತಿ ಜೋಡಿಸುವಂತೆ ಕೋಡಿನ ನಾಲ್ಕು ಸಾಲನ್ನು ತಿದ್ದಿದೆನಲ್ಲ, ಅದು ಪೋರ್ಟಿಂಗ್.

ತಂತ್ರಾಂಶದ ‘ನಿರ್ವಹಣೆ’ ಬೇರೆ. ಅಲ್ಲಿ ಯಂತ್ರ ಅದೇ, ಬದಲಾಗುವುದು ಕಾಲ. ಜಿಪಿಎಸ್ ತನ್ನ ಹಳೆಯ ಸಂದೇಶದಲ್ಲಿ ವಾರದ ಸಂಖ್ಯೆಯನ್ನು ಹತ್ತೇ ಬಿಟ್‌ನಲ್ಲಿ ಹೇಳುವುದರಿಂದ 1024 ವಾರಕ್ಕೊಮ್ಮೆ ಎಣಿಕೆ ಸೊನ್ನೆಗೆ ಬರುತ್ತದೆ. ಈಗ ನಡೆಯುತ್ತಿರುವುದು ಎಷ್ಟನೇ ಸುತ್ತು ಅನ್ನುವುದನ್ನು ತಂತ್ರಾಂಶವೇ ಊಹಿಸಬೇಕು. ಭೂಮಿಯ ತಿರುಗಾಟಕ್ಕೆ ಗಡಿಯಾರ ಹೊಂದಲೆಂದು ಆಗೊಮ್ಮೆ ಈಗೊಮ್ಮೆ ಸೇರಿಸುವ ಅಧಿಕ ಸೆಕೆಂಡುಗಳು ಮುಂದಿನ ಒಂದು ವಾರದ ಹೊತ್ತಿಗೆ 18ರಿಂದ 19 ಆಗಿರುತ್ತವೆ ಅಂತ ನಂಬಿ, ಆಗಲೂ 18 ಇದ್ದರೆ ಒಂದು ಸುತ್ತು ಹಿಂದೆ ಹೋಗುವಂತೆ ಜಿಪಿಎಸ್‌ಡಿಯಲ್ಲಿ ಒಂದು ತಪಾಸಣೆ ಬರೆದಿದ್ದರು. ಭೂಮಿ ಅವರ ಮಾತು ಕೇಳಲಿಲ್ಲ, ಲೆಕ್ಕ 18ರಲ್ಲೇ ನಿಂತಿತು. ಹಾಗಾಗಿ 3.20ರಿಂದ 3.22ರ ಆವೃತ್ತಿಗಳು 2021ರ ಅಕ್ಟೋಬರ್ 24ರಂದು ಗಡಿಯಾರವನ್ನು 2002ರ ಮಾರ್ಚಿಗೆ ಎಳೆದೊಯ್ಯುವಂತಿದ್ದವು. 3.23ರಲ್ಲಿ ಸರಿಪಡಿಸಿದರು. ಇದರಲ್ಲಿ ಯಾವುದನ್ನೂ ಎಲ್ಲಿಗೂ ಹೊತ್ತಿಲ್ಲ, ಆದ್ದರಿಂದ ಇದು ಪೋರ್ಟಿಂಗ್ ಅಲ್ಲ.

ಅಂದಹಾಗೆ ಜಿಪಿಎಸ್‌ಡಿಗೆ ಹಡಗುಗಳ ಸಂಬಂಧ ಇಲ್ಲದೇ ಇಲ್ಲ. ಹಡಗುಗಳು ರೇಡಿಯೋದಲ್ಲಿ ಬಿತ್ತರಿಸುವ ಎಐಎಸ್ ಸಂದೇಶಗಳನ್ನೂ ಅದು ಓದುತ್ತದೆ. ಐದನೇ ಬಗೆಯ ಸಂದೇಶದಲ್ಲಿ ಹಡಗು ಯಾವ ಬಂದರಿಗೆ ಹೊರಟಿದೆ ಎಂದು ತುಂಬಲು ಇಪ್ಪತ್ತು ಅಕ್ಷರದ ಜಾಗವೂ ಇದೆ. ಆ ಟಿಪ್ಪಣಿಯಲ್ಲಿ ಹುಡುಕಿ ನೋಡಿದೆ. ಅಲ್ಲಿ ‘ಗುರಿ’ ಅಂತ ಬರೆದಿದ್ದರು.