72 ಮೇಳಕರ್ತ: ಉರು ಹೊಡೆಯದೆ ಬರೆಯುವ ದಾರಿ

ಹೈಸ್ಕೂಲಿನಲ್ಲಿ ಕರ್ನಾಟಕ ಸಂಗೀತವನ್ನು ಒಂದು ವಿಷಯವಾಗಿ ತೆಗೆದುಕೊಂಡವರಿಗೆ ಹಾಡುವುದಕ್ಕಿಂತ ಥಿಯರಿ ಪೇಪರಿನದ್ದೇ ಹೆಚ್ಚು ಭಯ. ಅದರಲ್ಲೂ ಮೇಳಕರ್ತ ಪದ್ಧತಿ, ಅಂದರೆ ಏಳೂ ಸ್ವರಗಳಿರುವ ತಾಯಿ ರಾಗಗಳ ವರ್ಗೀಕರಣ. ಕನಕಾಂಗಿಯಿಂದ ರಸಿಕಪ್ರಿಯದವರೆಗೆ 72 ಹೆಸರುಗಳ ಪಟ್ಟಿ ನೋಡಿ ನಾನೂ ಉರು ಹೊಡೆಯಲು ಕೂತವನೇ. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಮೂರನೆಯದು ಮರೆತಿರುತ್ತಿತ್ತು. ಆಮೇಲೆ ತಿಳಿಯಿತು: ಹೆಸರು ಗೊತ್ತಿದ್ದರೆ ಸಂಖ್ಯೆ ಸಿಗುತ್ತದೆ, ಸಂಖ್ಯೆ ಗೊತ್ತಿದ್ದರೆ ಸ್ವರ ಸಿಗುತ್ತದೆ. ಎರಡೂ ಲೆಕ್ಕ ಅಷ್ಟೇ.

ಮೊದಲು ಸ್ವರಸ್ಥಾನ. ಒಂದು ಸ್ಥಾಯಿಯಲ್ಲಿ (ಒಂದು ಸ ದಿಂದ ಮೇಲಿನ ಸ ವರೆಗೆ) ಸ್ಥಾನಗಳು 12, ಹೆಸರುಗಳು ಮಾತ್ರ 16. ಕೀಬೋರ್ಡ್ ಇದ್ದರೆ ಎದುರಿಗಿಟ್ಟುಕೊಳ್ಳಿ. ಯಾವುದಾದರೂ ಒಂದು ಕೀಯನ್ನು ಷಡ್ಜ (ಸ) ಅಂದುಕೊಂಡು ಕಪ್ಪು ಬಿಳುಪು ಯಾವುದನ್ನೂ ಬಿಡದೆ ಒಂದೊಂದಾಗಿ ಮೇಲೆ ಹೋಗಿ. ಎರಡನೆಯದು ಶುದ್ಧ ರಿಷಭ. ಮೂರನೆಯದು ಚತುಶ್ರುತಿ ರಿಷಭ, ಅದೇ ಶುದ್ಧ ಗಾಂಧಾರವೂ ಹೌದು. ನಾಲ್ಕನೆಯದು ಷಟ್‌ಶ್ರುತಿ ರಿಷಭ, ಅದೇ ಸಾಧಾರಣ ಗಾಂಧಾರ. ಐದನೆಯದು ಅಂತರ ಗಾಂಧಾರ. ನಂತರ ಶುದ್ಧ ಮಧ್ಯಮ, ಪ್ರತಿ ಮಧ್ಯಮ, ಪಂಚಮ. ಪಂಚಮದ ಮೇಲೆ ಧೈವತ, ನಿಷಾದಗಳದ್ದೂ ಇದೇ ಕಥೆ: ಚತುಶ್ರುತಿ ಧೈವತವೇ ಶುದ್ಧ ನಿಷಾದ, ಷಟ್‌ಶ್ರುತಿ ಧೈವತವೇ ಕೈಶಿಕಿ ನಿಷಾದ, ಕೊನೆಗೆ ಕಾಕಲಿ ನಿಷಾದ. ಹೀಗೆ ನಾಲ್ಕು ಕೀಗಳಿಗೆ ಎರಡೆರಡು ಹೆಸರು. 12 ಹೇಗೆ 16 ಆಯಿತು ಎಂಬ ಪ್ರಶ್ನೆಗೆ ಇಷ್ಟೇ ಉತ್ತರ.

ಉದ್ದುದ್ದ ಹೆಸರು ಕಾಟ ಕೊಟ್ಟರೆ ಹಳಬರ ಚುಟುಕು ಅಕ್ಷರ ಹಿಡಿಯಿರಿ: ರ ರಿ ರು, ಗ ಗಿ ಗು, ಮ ಮಿ, ಧ ಧಿ ಧು, ನ ನಿ ನು. ಅ, ಇ, ಉ ಎಂದು ಮೇಲೇರುತ್ತಾ ಹೋಗುತ್ತದೆ. ನನಗೆ ಇಡೀ ಪಾಠ ಬಿಡಿಸಿಕೊಂಡದ್ದು ಇಲ್ಲೇ. ರಿಷಭ ಮೂರು, ಗಾಂಧಾರ ಮೂರು, ಜೋಡಿಸಿದರೆ ಒಂಬತ್ತು ಬರಬೇಕಲ್ಲ? ರಿ-ಗ ಎರಡೂ ಒಂದೇ ಕೀ, ಹೊಡೆದುಹಾಕಿ. ರು-ಗಿ ಕೂಡ ಹಾಗೇ. ರು-ಗ ದಲ್ಲಿ ರಿಷಭ ಗಾಂಧಾರಕ್ಕಿಂತ ಮೇಲೆ ಹೋಗಿಬಿಡುತ್ತದೆ, ಅದೂ ಹೋಯಿತು. ಉಳಿದದ್ದು ಆರು: ರ-ಗ, ರ-ಗಿ, ರ-ಗು, ರಿ-ಗಿ, ರಿ-ಗು, ರು-ಗು. ಧೈವತ-ನಿಷಾದಕ್ಕೂ ಇದೇ ಆರು, ಇದೇ ಕ್ರಮ. ಆರಾರಲ ಮೂವತ್ತಾರು. ಶುದ್ಧ ಮಧ್ಯಮಕ್ಕೆ 36, ಪ್ರತಿ ಮಧ್ಯಮಕ್ಕೆ 36, ಒಟ್ಟು 72.

ಈ ಲೆಕ್ಕ 17ನೇ ಶತಮಾನದ ವೆಂಕಟಮಖಿಯದ್ದು, ಗ್ರಂಥ ಚತುರ್ದಂಡೀಪ್ರಕಾಶಿಕೆ. ಆದರೆ ನಾವು ಬರೆಯುವ ಕನಕಾಂಗಿ, ರತ್ನಾಂಗಿ ಮುಂತಾದ ಹೆಸರುಗಳು ಅವರ ನಂತರ ಬಂದವು. ಎರಡನ್ನೂ ಅವರ ತಲೆಗೆ ಕಟ್ಟಬೇಡಿ.

ಇನ್ನು ಸಂಖ್ಯೆಯಿಂದ ಸ್ವರ. 65 ಕೊಟ್ಟಿದ್ದಾರೆ ಅನ್ನಿ. 36 ದಾಟಿದೆ, ಆದ್ದರಿಂದ ಪ್ರತಿ ಮಧ್ಯಮ. 36 ಕಳೆದರೆ 29. ಅದರಲ್ಲಿ ಒಂದು ಕಳೆಯಿರಿ, 28. ಆರರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 4. ಎರಡಕ್ಕೂ ಒಂದೊಂದು ಸೇರಿಸಿದರೆ 5 ಮತ್ತು 5. ಅಂದರೆ ಭಾಗಲಬ್ಧದ 5 ರಿಷಭ-ಗಾಂಧಾರದ ಐದನೇ ಜೋಡಿ ರಿ-ಗು, ಶೇಷದ 5 ಧೈವತ-ನಿಷಾದದ ಐದನೇ ಜೋಡಿ ಧಿ-ನು. ಸ ರಿ ಗು ಮಿ ಪ ಧಿ ನು, ಮೇಚಕಲ್ಯಾಣಿ. ಪ್ರತಿ ಮಧ್ಯಮದ ಬದಲು ಶುದ್ಧ ಮಧ್ಯಮ ಇಟ್ಟರೆ 29, ಧೀರಶಂಕರಾಭರಣ. ಇವೆರಡನ್ನೂ ಬೆನ್ನುಬೆನ್ನಿಗೆ ಹಾಡಿ ನೋಡಿ, ಒಂದೇ ಸ್ವರ ಕದಲಿದ್ದಕ್ಕೆ ಇಡೀ ಬಣ್ಣ ಬದಲಾಗುತ್ತದೆ. ಆ ಒಂದು ಕಳೆಯುವುದನ್ನು ಮರೆತರೆ ಏನಾಗುತ್ತದೆ ಎಂದು 36ನ್ನೇ ಇಟ್ಟು ನೋಡಿ: ಶೇಷ ಸೊನ್ನೆ, ಭಾಗಲಬ್ಧ 6, ಒಂದು ಸೇರಿಸಿದರೆ ಏಳನೇ ಜೋಡಿ. ಇಲ್ಲದ ಜೋಡಿಯನ್ನು ಹುಡುಕುತ್ತಾ ಕೂರಬೇಕು. ನಾನು ಕೂತಿದ್ದೇನೆ.

ಆರಾರು ಮೇಳಗಳ ಗುಂಪಿಗೆ ಚಕ್ರ ಅನ್ನುತ್ತಾರೆ. ಹೆಸರಲ್ಲೇ ಎಣಿಕೆ ಇದೆ: ಇಂದು ಒಂದು, ನೇತ್ರ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು, ಮುಂದೆ ಋಷಿ, ವಸು, ಬ್ರಹ್ಮ, ದಿಶಿ, ರುದ್ರ, ಆದಿತ್ಯ.

ಹೆಸರಿನಿಂದ ಸಂಖ್ಯೆಗೆ ಕಟಪಯಾದಿ ಸೂತ್ರ. ಕ ದಿಂದ ಝ ವರೆಗೆ 1ರಿಂದ 9, ಞ ಸೊನ್ನೆ. ಟ ದಿಂದ ಧ ವರೆಗೆ 1ರಿಂದ 9, ನ ಸೊನ್ನೆ. ಪ ದಿಂದ ಮ ವರೆಗೆ 1ರಿಂದ 5. ಯ ದಿಂದ ಹ ವರೆಗೆ 1ರಿಂದ 8, ಯ ರ ಲ ವ ಶ ಷ ಸ ಹ ಕ್ರಮದಲ್ಲಿ. ಹೆಸರಿನ ಮೊದಲೆರಡು ಅಕ್ಷರಗಳ ಅಂಕಿ ಬರೆದು ತಿರುಗಿಸಿ. ನಾವು ಸರಳೆ ವರಸೆ (ಮೊದಲ ಸ್ವರಪಾಠ) ಶುರುಮಾಡಿದ ಮಾಯಾಮಾಳವಗೌಳ: ಮಾ 5, ಯಾ 1, ತಿರುಗಿಸಿದರೆ 15. ಖರಹರಪ್ರಿಯ: 2, 2, ತಿರುಗಿಸಿದರೂ 22.

ಇಲ್ಲಿ ಕಾಗುಣಿತ ತಪ್ಪಿದರೆ ಮೇಳವೇ ತಪ್ಪುತ್ತದೆ. 20ನೇ ಮೇಳ ನಠಭೈರವಿ, ಮಹಾಪ್ರಾಣ ಠ. ನಾನು ಒಂದು ಪರೀಕ್ಷೆಯಲ್ಲಿ ನಟಭೈರವಿ ಎಂದು ಬರೆದು, ನ 0, ಟ 1, ತಿರುಗಿಸಿದರೆ 10 ಎಂದು ಹೆಮ್ಮೆಯಿಂದ ಲೆಕ್ಕ ತೋರಿಸಿದೆ. 10 ನಾಟಕಪ್ರಿಯ. ಉತ್ತರಪತ್ರಿಕೆಯಲ್ಲಿ ಆ ಟ ದ ಸುತ್ತ ಕೆಂಪು ಸುತ್ತು ಬಿದ್ದಿತ್ತು.

ಒತ್ತಕ್ಷರ ಬಂದರೆ ಸಾಮಾನ್ಯವಾಗಿ ಕೊನೆಯ ವ್ಯಂಜನ ಲೆಕ್ಕಕ್ಕೆ. ಧರ್ಮವತಿಯಲ್ಲಿ ಧ 9, ರ್ಮ ದಲ್ಲಿ ಮ 5, ಆದ್ದರಿಂದ 59. ಆದರೆ ಚಕ್ರವಾಕದಲ್ಲಿ ಕ್ರ ದ ಕ ಹಿಡಿಯಬೇಕು: 6, 1, ಅಂದರೆ 16. ದಿವ್ಯಮಣಿ, ವಿಶ್ವಂಭರಿಗಳೂ ಇದೇ ಜಾತಿ. ಇಂಥವು ಬೆರಳೆಣಿಕೆಯಷ್ಟೇ. ಉರು ಹೊಡೆಯುವುದಿದ್ದರೆ ಇವನ್ನು ಹೊಡೆಯಿರಿ.

ಮೇಳ ಅನಿಸಿಕೊಳ್ಳಲು ಏಳೂ ಸ್ವರ ಕ್ರಮವಾಗಿ ಇರಬೇಕು, ಆರೋಹಣ (ಏರಿಕೆ) ಅವರೋಹಣದಲ್ಲಿ (ಇಳಿಕೆ) ಒಂದೇ ಬಗೆಯವು ಬರಬೇಕು. ಮೋಹನ ರಾಗದಲ್ಲಿ ಐದೇ ಸ್ವರ, ಜನ್ಯ (ಮೇಳದಿಂದ ಹುಟ್ಟಿದ ರಾಗ) ಎಂದು ಕಣ್ಣಿಗೇ ಕಾಣುತ್ತದೆ. ಮೋಸ ಹೋಗುವುದು ಭೈರವಿಯಲ್ಲಿ. ಎರಡೂ ಕಡೆ ಏಳು ಸ್ವರ ಇವೆಯಲ್ಲ, ಮೇಳ ಯಾಕಲ್ಲ ಎಂದು ಕೇಳುತ್ತಾರೆ. ಅದರ ಆರೋಹಣದಲ್ಲಿ ಚತುಶ್ರುತಿ ಧೈವತ, ಅವರೋಹಣದಲ್ಲಿ ಶುದ್ಧ ಧೈವತ. ಹಾಗಾಗಿ ಅದು ಜನ್ಯ. ತಾಯಿ ಅದೇ 20ನೇ ಮೇಳ, ಠ ಇರುವ ನಠಭೈರವಿ.