ಡಿಸ್ಚಾರ್ಜ್ ಚೀಟಿಯ ಆಚೆಗಿನ ಹೊಣೆ ಯಾರದು?

ಅಮೆರಿಕದ ಸರ್ಕಾರಿ ಮನೋವೈದ್ಯಕೀಯ ಆಸ್ಪತ್ರೆಗಳಲ್ಲಿ 1955ರ ಹೊತ್ತಿಗೆ ಸುಮಾರು 5.59 ಲಕ್ಷ ರೋಗಿಗಳಿದ್ದರು. ಅದರ ಹಿಂದಿನ ವರ್ಷ ಅಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೋಮಜೀನ್ ಔಷಧವು, ವರ್ಷಗಟ್ಟಲೆ ವಾರ್ಡಿನಲ್ಲೇ ಉಳಿದಿದ್ದ ಅನೇಕರನ್ನು ಮನೆಗೆ ಕಳುಹಿಸಬಹುದೆಂಬ ಭರವಸೆ ಹುಟ್ಟಿಸಿತು. 1963ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿದ ಕಾಯ್ದೆಯು ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಕಟ್ಟಲು ಅನುದಾನ ಒದಗಿಸಿತಾದರೂ, ಆಸ್ಪತ್ರೆಗಳು ಖಾಲಿಯಾದ ವೇಗದಲ್ಲಿ ಕೇಂದ್ರಗಳು ತಲೆಯೆತ್ತಲಿಲ್ಲ. ಹೊರಬಂದವರಿಗೆ ಮಾತ್ರೆ ಒಂದು ಕಡೆ, ಬಾಡಿಗೆ ಕೋಣೆ ಇನ್ನೊಂದು ಕಡೆ, ನೆರವಿನ ಹಣದ ಅರ್ಜಿ ಮತ್ತೊಂದು ಕಚೇರಿಯಲ್ಲಿ. ಇವನ್ನೆಲ್ಲ ಕೂಡಿಸಿಕೊಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಚೇತರಿಸಿಕೊಂಡು ಹೋದವರು ಪದೇ ಪದೇ ಆಸ್ಪತ್ರೆಗೆ ಮರಳತೊಡಗಿದರು.

ಈ ಮರುದಾಖಲಾತಿಯನ್ನು ಗಂಭೀರವಾಗಿ ನೋಡಿದವರು ವಿಸ್ಕಾನ್ಸಿನ್ ರಾಜ್ಯದ ಮೆಂಡೋಟಾ ಆಸ್ಪತ್ರೆಯ ಲಿಯೊನಾರ್ಡ್ ಸ್ಟೈನ್, ಮೇರಿ ಆನ್ ಟೆಸ್ಟ್ ಮತ್ತು ಆರ್ನಾಲ್ಡ್ ಮಾರ್ಕ್ಸ್. ವಾರ್ಡಿನಲ್ಲಿ ಕಲಿಸಿದ್ದು ಮನೆಯಲ್ಲಿ ನಿಲ್ಲುವುದಿಲ್ಲವೆಂದು ಕಂಡುಕೊಂಡ ಅವರು, 1970ರ ದಶಕದ ಆರಂಭದಲ್ಲಿ ವಾರ್ಡಿನ ಸಿಬ್ಬಂದಿಯನ್ನೇ ಮ್ಯಾಡಿಸನ್ ನಗರದೊಳಕ್ಕೆ ಕಳುಹಿಸಿದರು. ಅಡುಗೆ, ಬಟ್ಟೆ ಒಗೆಯುವುದು, ಬಸ್ ಹಿಡಿಯುವುದು, ಅಂಗಡಿ ಲೆಕ್ಕ, ಇವೆಲ್ಲವನ್ನೂ ರೋಗಿ ವಾಸಿಸುವ ಜಾಗದಲ್ಲೇ ಅವರ ಜೊತೆಗಿದ್ದು ಕಲಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆಯಾದರೂ ಧಾವಿಸುವುದು ಈ ತಂಡದ ಕೆಲಸವಾಗಿತ್ತು. 130 ರೋಗಿಗಳ ಮೇಲಿನ ಅಧ್ಯಯನದ ಫಲಿತಾಂಶ 1980ರಲ್ಲಿ ಪ್ರಕಟವಾಯಿತು: ಬೆಂಬಲ ದೊರೆತ 14 ತಿಂಗಳಲ್ಲಿ ಆಸ್ಪತ್ರೆವಾಸ ಗಣನೀಯವಾಗಿ ಇಳಿದಿತ್ತು, ಬೆಂಬಲ ನಿಂತ ಮೇಲೆ ಗಳಿಸಿದ್ದರಲ್ಲಿ ಬಹುಪಾಲು ಕೈಜಾರಿತ್ತು. ನನ್ನ ದೃಷ್ಟಿಯಲ್ಲಿ ಇವೆರಡರಲ್ಲಿ ಎರಡನೆಯದೇ ಹೆಚ್ಚು ಮುಖ್ಯ, ಆದರೆ ಖರ್ಚು ಉಳಿಸಲು ಹೊರಟ ಆಡಳಿತಗಳಿಗೆ ಮೊದಲನೆಯದಷ್ಟೇ ಹಿಡಿಸುತ್ತದೆ. ಸುಮಾರು ಹತ್ತು ಮಂದಿ ರೋಗಿಗಳಿಗೆ ಒಬ್ಬ ಸಿಬ್ಬಂದಿ ಎಂಬುದು ಈ ಮಾದರಿಯ ಅಳತೆ. ಇದೇ ಹೊತ್ತಿಗೆ ಬೇರೆಡೆ ಹಬ್ಬಿದ, ರೋಗಿಗೆ ಬೇಕಾದ ಸೇವೆಗಳನ್ನೆಲ್ಲ ಒಬ್ಬ ಸಿಬ್ಬಂದಿ ಹೊಂದಿಸಿಕೊಡುವ ಅಗ್ಗದ ‘ಕೇಸ್ ಮ್ಯಾನೇಜ್‌ಮೆಂಟ್’ ಪದ್ಧತಿಯಲ್ಲಾದರೋ ಒಬ್ಬರ ಹೆಗಲಿಗೆ ಅನೇಕ ಪಟ್ಟು ಹೆಚ್ಚು ಮಂದಿ ಬಿದ್ದು, ಕೆಲಸವೆಲ್ಲ ಒಂದು ಕಚೇರಿಯಿಂದ ಇನ್ನೊಂದಕ್ಕೆ ಚೀಟಿ ಬರೆದುಕೊಡುವುದಕ್ಕೆ ಇಳಿಯಿತು.

ಭಾರತದಲ್ಲಿ ಕೇಸ್ ಮ್ಯಾನೇಜರ್ ಎಂದರೆ ಬಹುತೇಕ ತಾಯಿ, ಹೆಂಡತಿ ಅಥವಾ ಅಣ್ಣ. ಸಂಬಳವಿಲ್ಲ, ತರಬೇತಿಯೂ ಇಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಕಾರ್ಯಕರ್ತರಿಗೆ ತರಬೇತಿ ನೀಡಿ ಮಾತ್ರೆಯನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮಾತ್ರೆ ಹತ್ತಿರ ಬಂದದ್ದು ಸಣ್ಣ ಮಾತಲ್ಲ, ಆದರೆ ಮಾತ್ರೆ ಬಿಟ್ಟವರ ಮನೆಗೆ ಹೋಗಿ ವಿಚಾರಿಸುವ ಕೊಂಡಿ ದುರ್ಬಲವಾಗಿಯೇ ಉಳಿಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಕಲಮಿನ ಪ್ರಕಾರ ಕುಟುಂಬವಿಲ್ಲವೆಂಬ ಅಥವಾ ಕುಟುಂಬ ಒಪ್ಪುತ್ತಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸುವಂತಿಲ್ಲ. 98ನೇ ಕಲಮು ಬಿಡುಗಡೆಗೆ ಮುನ್ನ ರೋಗಿ ಮತ್ತು ಆರೈಕೆದಾರರೊಡನೆ ಸಮಾಲೋಚಿಸಿ ಮುಂದಿನ ಚಿಕಿತ್ಸೆಯ ಯೋಜನೆ ರೂಪಿಸುವಂತೆ ಮನೋವೈದ್ಯರಿಗೆ ಹೇಳುತ್ತದೆ. ತಿಂಗಳ ನಂತರ ಆ ಯೋಜನೆ ಹಿಡಿದು ಬಾಗಿಲು ತಟ್ಟುವವರು ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ.

ಆ ಕೆಲಸವನ್ನು ತರಬೇತಿ ಪಡೆದ ಸ್ಥಳೀಯರೇ ಮಾಡಬಲ್ಲರೇ ಎಂಬುದನ್ನು ತಮಿಳುನಾಡು, ಗೋವಾ ಮತ್ತು ಮಹಾರಾಷ್ಟ್ರದ ಸತಾರಾಗಳಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವ 282 ಜನರೊಂದಿಗೆ ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆಸ್ಪತ್ರೆ ಚಿಕಿತ್ಸೆಯೊಂದನ್ನೇ ಪಡೆದವರಿಗಿಂತ, ಅದರ ಜೊತೆಗೆ ಮನೆಭೇಟಿಯ ಆರೈಕೆಯೂ ಸಿಕ್ಕವರ ಸ್ಥಿತಿ ತುಸು ಮೇಲಾಗಿತ್ತು. ಈ ವ್ಯತ್ಯಾಸ ಹೆಚ್ಚಾಗಿ ಎದ್ದು ಕಂಡದ್ದು ತಮಿಳುನಾಡಿನ ಗ್ರಾಮೀಣ ಪ್ರದೇಶದಲ್ಲಿ.